ಬಿ.ಎಸ್ಸಿ. ನರ್ಸಿಂಗ್ ಪ್ರವೇಶ: ಅಂಕದಷ್ಟೇ ಮುಖ್ಯವಾದ ದಾಖಲೆಗಳು

ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಯ ಸರ್ಕಾರಿ ಸೀಟುಗಳನ್ನು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚಿಕೆ ಮಾಡುತ್ತಿದೆ. ಅಭ್ಯರ್ಥಿಯು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೊಂದಿಗೆ ಇಂಗ್ಲಿಷ್ ವ್ಯಾಸಂಗ ಮಾಡಿರಬೇಕು. ಆ ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕಗಳು ಅಗತ್ಯ. ಈ ಪದವಿ ಹೆಣ್ಣುಮಕ್ಕಳಿಗಷ್ಟೇ ಎಂದು ಭಾವಿಸಿ ಅರ್ಹ ಯುವಕರು ಅರ್ಜಿಯನ್ನೇ ಸಲ್ಲಿಸದಿರುವುದು ವಿಷಾದಕರ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಕಿಲ್ಲ.

ಆದರೆ ಗ್ರಾಮೀಣ ವಿದ್ಯಾರ್ಥಿಗಳು ಹಲವು ಬಾರಿ ಎಡವುವುದು ಪರೀಕ್ಷೆಯಲ್ಲಲ್ಲ, ದಾಖಲೆಗಳಲ್ಲಿ. ಗ್ರಾಮದಲ್ಲಿ ವಾಸವಿದ್ದರೆ ಗ್ರಾಮೀಣ ಮೀಸಲಾತಿ ದೊರೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. 1ರಿಂದ 10ನೇ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಶಾಲೆ ಬದಲಾಗಿದ್ದಲ್ಲಿ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಬೇಕು. ಕನ್ನಡ ಮಾಧ್ಯಮ ಮೀಸಲಾತಿಗೂ ಹತ್ತು ವರ್ಷಗಳ ವ್ಯಾಸಂಗವೇ ಆಧಾರ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಅವುಗಳಲ್ಲಿನ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆಯೇ ಇರಲಿ. ಒಂದರಲ್ಲಿ ಬಸವ್ವ, ಇನ್ನೊಂದರಲ್ಲಿ ಬಸಮ್ಮ ಎಂದಿದ್ದರೂ ಪರಿಶೀಲನೆಯಲ್ಲಿ ತೊಡಕಾಗಬಹುದು. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅರ್ಹತಾ ಪತ್ರವೂ ಬೇಕು. ಪರೀಕ್ಷೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿದ್ದರೂ ಅರ್ಜಿ ಸಲ್ಲಿಕೆ ತಿಂಗಳುಗಳ ಮೊದಲೇ ಆರಂಭವಾಗುವುದರಿಂದ, ನಾಡಕಚೇರಿಯ ಕೆಲಸವನ್ನು ಡಿಸೆಂಬರ್‌ನೊಳಗೆ ಮುಗಿಸಿಕೊಳ್ಳುವುದು ಕ್ಷೇಮ.