ಹಿತ್ತಿಲ ಗಿಡಗಳಿಗೆ ನುಸಿ ತಗಲಿದರೆ

ಬೇಸಗೆಯಲ್ಲೊಮ್ಮೆ ಬೀದರಿನಲ್ಲಿ ಮದುವೆ ಮುಗಿಸಿಕೊಂಡು ಪರಿಚಯದವರ ಒತ್ತಾಯಕ್ಕೆ ಮೊಗುಡಂಪಲ್ಲಿಯಲ್ಲಿ ಎರಡು ದಿನ ಉಳಿದಿದ್ದೆ. ಜಹೀರಾಬಾದಿನ ಸಮೀಪ, ಕರ್ನಾಟಕದ ಗಡಿಯ ಬದಿಯ ಊರದು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಅದೇ ದಿನ ಬೀದರ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ ಹೋದವು. ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ನಾನು ತಂಗಿದ ಮನೆಯಲ್ಲೂ ಒಳಗೆ ಕನ್ನಡ, ಅಂಗಡಿಗೆ ಹೋದರೆ ತೆಲುಗು. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯ ಹಿಂದೆ ಇಪ್ಪತ್ತು ಬದನೆ ಗಿಡ, ಒಂದು ಸಾಲು ಬೆಂಡೆ, ಬಾವಿಯ ಪಕ್ಕ ಎರಡು ಗುಲಾಬಿ. ಐದು ಮಂದಿಯ ಊಟಕ್ಕೆ ತರಕಾರಿ ಅಲ್ಲಿಂದಲೇ, ಉಳಿದದ್ದು ಸಂತೆಗೆ. ನಾನು ನೋಡುವಾಗ ಬದನೆಯ ಎಲೆಗಳೆಲ್ಲ ಬಣ್ಣಗೆಟ್ಟು, ಸೂಜಿಯಿಂದ ಚುಚ್ಚಿದಂತೆ ಬಿಳಿ ಚುಕ್ಕೆಗಳಿಂದ ತುಂಬಿದ್ದವು. ತುದಿಗಳಲ್ಲಿ ತೆಳ್ಳನೆಯ ಬಲೆ. “ಬಿಸಲಿಗೆ ಹಿಂಗ ಆಗ್ಯಾದ್ರಿ ಅಣ್ಣಾರ, ಎರಡು ಸಲ ಔಷಧ ಹೊಡದ್ರೂ ಏಳವಲ್ದು” ಎಂದರು ಮನೆಯಾಕೆ.

ಬಿಸಿಲಿನ ದೋಷವಲ್ಲ. ಒಂದು ಎಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿದೆ. ಧೂಳಿನಂತೆ ಬಿದ್ದ ಕಣಗಳಲ್ಲಿ ಕೆಲವು ನಡೆಯತೊಡಗಿದವು. ಬೆರಳಿನಿಂದ ಒರಸಿದರೆ ಕೆಂಪು ಗೀರು. ಕನ್ನಡದಲ್ಲಿ ನಾವು ಕೆಂಪು ನುಸಿ, ಜೇಡ ನುಸಿ ಎನ್ನುವುದು ಇದನ್ನೇ. ಬೆಳೆದ ಹೆಣ್ಣು ಅರ್ಧ ಮಿಲಿಮೀಟರ್ ಉದ್ದವೂ ಇಲ್ಲ. ಇದು ಕೀಟವಲ್ಲ ಎಂಬುದು ಮುಖ್ಯ ಸಂಗತಿ. ಎಂಟು ಕಾಲಿನ ಇದು ಜೇಡ, ಉಣ್ಣಿಗಳ ಬಳಗಕ್ಕೆ ಸೇರಿದ್ದು. ಎಲೆಯ ಅಡಿಯಲ್ಲಿ ಕುಳಿತು ಜೀವಕೋಶಗಳನ್ನು ಒಂದೊಂದಾಗಿ ಚುಚ್ಚಿ ಹೀರುತ್ತದೆ. ಹೀರಿಸಿಕೊಂಡ ಜಾಗವೇ ಆ ಬಿಳಿ ಚುಕ್ಕೆ.

ಆ ಮನೆಯಾಕೆಗೆ ಆದ ನಷ್ಟದ ಮೂಲ ಒಂದು ಮಾತಿನಲ್ಲಿತ್ತು. ಅಂಗಡಿಯಲ್ಲಿ ಅವರು ಕೇಳಿದ್ದು ‘ಪುರುಗು’ ಔಷಧ, ಅಂದರೆ ಹುಳದ ಔಷಧ. ಅಂಗಡಿಯವನು ಕೊಟ್ಟದ್ದು ಕಾಯಿಕೊರಕಕ್ಕೆ ಹೊಡೆಯುವ ಸೈಪರ್‌ಮೆಥ್ರಿನ್. ಕೇಳಿದ್ದನ್ನು ಕೊಟ್ಟ, ಅವನದೂ ತಪ್ಪೆನ್ನುವಂತಿಲ್ಲ. ತೆಲುಗಿನಲ್ಲಿ ಇದಕ್ಕೆ ‘ಎರ್ರ ನಲ್ಲಿ’ ಎಂದು ಬೇರೆ ಹೆಸರೇ ಇದೆ. ಬರೀ ‘ನಲ್ಲಿ’ ಎಂದರೆ ಅಲ್ಲಿ ತಿಗಣೆ ಎಂದೂ ಆಗುತ್ತದೆ, ನಮ್ಮಲ್ಲಂತೂ ನೀರಿನ ಕೊಳಾಯಿ! ಕಾಸರಗೋಡಿನ ಕೃಷಿಭವನಕ್ಕೆ ಹೋದವರು ‘ಮಂಡರಿ’ ಎಂದರೆ ಕೂಡಲೇ ತಿಳಿಯುತ್ತದೆ; ‘ಹುಳ’ ಎಂದರೆ ಬೇರೆಯೇ ಬಾಟಲಿ ಕೈಗೆ ಬಂದೀತು.

ತಪ್ಪು ಔಷಧದಿಂದ ಬರೀ ಹಣ ಹೋಗಿದ್ದರೆ ಚಿಂತೆ ಇರಲಿಲ್ಲ. ನುಸಿಯನ್ನೇ ತಿಂದು ಬದುಕುವ ಬೇರೆ ನುಸಿಗಳಿವೆ, ಸಾಸಿವೆಗಿಂತ ಚಿಕ್ಕದಾದ ಕರಿ ಗುಲಗಂಜಿ ಹುಳ ಇದೆ. ಸೈಪರ್‌ಮೆಥ್ರಿನ್‌ನಂಥ ಔಷಧ ಈ ಕಾವಲುಗಾರರನ್ನು ಕೊಲ್ಲುತ್ತದೆ. ಬಲೆಯ ಒಳಗಿನ ಕಳ್ಳ ಮಾತ್ರ ಉಳಿದು ಹಿಂದಿಗಿಂತಲೂ ಹೆಚ್ಚುತ್ತಾನೆ. 30 ಡಿಗ್ರಿ ಸೆಖೆಯಲ್ಲಿ ಮೊಟ್ಟೆ ಬಲಿತ ನುಸಿಯಾಗಲು ಎಂಟು ಹತ್ತು ದಿನ ಸಾಕು. ಒಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡುತ್ತದೆ. ಬದನೆಯಲ್ಲಿದ್ದದ್ದು ಬೆಂಡೆಗೂ ಗುಲಾಬಿಗೂ ಹಬ್ಬಿದ್ದು ಎರಡನೆಯ ಸಲ ಔಷಧ ಹೊಡೆದ ಮೇಲೆಯೇ. ಔಷಧ ಬಿದ್ದ ಕಾಯಿಯನ್ನು ಮೊಮ್ಮಕ್ಕಳಿಗೆ ಬಡಿಸಲು ಮನಸ್ಸಾಗದೆ ಮನೆಯಾಕೆ ಬದನೆ ಪಲ್ಯವನ್ನೇ ನಿಲ್ಲಿಸಿದ್ದರು.

ಮನೆಯ ಗಿಡಕ್ಕೆ ಮೊದಲ ಮದ್ದು ನೀರು. ಆ ಸಂಜೆ ನಾವು ತೀರಾ ಕೆಟ್ಟ ಎಲೆಗಳನ್ನು ಕಿತ್ತು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ಗೊಬ್ಬರದ ಗುಂಡಿಗೆ ಎಸೆದರೆ ನುಸಿ ನಡೆದೋ ಗಾಳಿಯಲ್ಲಿ ನೂಲು ಹಿಡಿದು ತೇಲಿಯೋ ಮರಳಿ ಬರುತ್ತದೆ. ಮರುದಿನ ಬೆಳಿಗ್ಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಎಲೆಗಳ ಅಡಿಬದಿಗೆ ರಭಸದಿಂದ ನೀರು ಹಾಯಿಸಿದೆವು. ಮೇಲಿನಿಂದ ಸುರಿದು ಪ್ರಯೋಜನವಿಲ್ಲ. ನೀರಿಗೆ ತತ್ವಾರವಿರುವ ಊರಿನಲ್ಲಿ ಇದೇನು ಎಂದು ಮನೆಯಜಮಾನರು ಗೊಣಗಿದರು. ಎಲೆ ತೊಳೆದ ನೀರು ಬುಡಕ್ಕೇ ಇಳಿಯುತ್ತದೆ ಎಂದ ಮೇಲೆ ಸುಮ್ಮನಾದರು. ನೀರು ಸಾಲದೆ ಬಾಡಿದ ಗಿಡಕ್ಕೂ ದಾರಿಯ ಧೂಳು ಕುಳಿತ ಗಿಡಕ್ಕೂ ನುಸಿ ಬೇಗ ಏರುತ್ತದೆ. ಯೂರಿಯಾ ಸುರಿದು ಬೆಳೆಸಿದ ಮೆದು ಎಲೆಯೆಂದರೆ ಅದಕ್ಕೆ ಬಲು ಪ್ರೀತಿ.

ಬಿಸಿಲು ಇಳಿದ ಮೇಲೆ ಬೇವಿನ ಎಣ್ಣೆ. ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ. ಮೊದಲು ಸ್ವಲ್ಪ ನೀರಿನಲ್ಲಿ ಬಾರ್ ಸಾಬೂನು ಕದಡಿ ಎಣ್ಣೆಯನ್ನು ಅದರಲ್ಲಿ ಚೆನ್ನಾಗಿ ಬೆರೆಸಬೇಕು, ಇಲ್ಲವಾದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ. ಒಂದೆರಡು ಎಲೆಗೆ ಹಚ್ಚಿ ಒಂದು ದಿನ ಕಾದು ನೋಡುವುದು ಲೇಸು. ಮೊಟ್ಟೆಗಳೆಲ್ಲ ಒಂದೇ ಸಲಕ್ಕೆ ಸಾಯುವುದಿಲ್ಲವಾದ್ದರಿಂದ ನಾಲ್ಕೈದು ದಿನಕ್ಕೊಮ್ಮೆ ನೀರು, ವಾರಕ್ಕೊಮ್ಮೆ ಎಣ್ಣೆ, ಹೀಗೆ ಮೂರು ವಾರ ನಡೆಯಬೇಕು. ನಮ್ಮವರು ಸೋಲುವುದು ಇಲ್ಲಿಯೇ: ಒಮ್ಮೆ ಹೊಡೆದು, ಗುಣ ಕಂಡೊಡನೆ ಬಿಟ್ಟುಬಿಡುತ್ತಾರೆ.

ಇದಕ್ಕೂ ಬಗ್ಗದಿದ್ದರೆ ನೀರಿನಲ್ಲಿ ಕದಡುವ ಗಂಧಕ, ಲೀಟರಿಗೆ 3 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಇದು ಕೂಡದು, ಉರಿಬಿಸಿಲಿನಲ್ಲೂ ಕೂಡದು. ಸೌತೆ, ಹೀರೆಯ ಬಳ್ಳಿಗಳಂತೂ ಸುಟ್ಟುಹೋದಾವು. ಹಳೆಯ ಕೈಪಿಡಿಗಳಲ್ಲಿ ನುಸಿಗೆ ಡೈಕೋಫಾಲ್ ಎಂದಿರುತ್ತದೆ. ಡಿಡಿಟಿಯ ನಂಟಿನ ಆ ರಾಸಾಯನಿಕವನ್ನು ನಮ್ಮ ದೇಶ 2023ರಲ್ಲಿ ನಿಷೇಧಿಸಿದೆ. ಅಟ್ಟದಲ್ಲಿ ಹಳೆಯ ಬಾಟಲಿ ಇದ್ದರೆ ಮುಟ್ಟಬೇಡಿ. ಹೊಸ ಹೊಸ ಔಷಧಗಳನ್ನೂ ಜೀರ್ಣಿಸಿಕೊಳ್ಳುವುದರಲ್ಲಿ ಈ ನುಸಿ ಜಗತ್ತಿನಲ್ಲೇ ಮುಂದಿದೆ. 1986ರಲ್ಲಿ ಬೆಂಗಳೂರಿನಲ್ಲಿ ನುಸಿಗಳ ಕುರಿತಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತೆಂದರೆ ಈ ಕಣದಷ್ಟು ಪ್ರಾಣಿಯ ಉಪದ್ರವ ಎಷ್ಟೆಂದು ಊಹಿಸಬಹುದು.

ನಮ್ಮಲ್ಲಿ ಮಳೆಗಾಲವೇ ಎಲೆ ತೊಳೆದುಬಿಡುವುದರಿಂದ ಮೊಗುಡಂಪಲ್ಲಿಯಷ್ಟು ಕಾಟವಿಲ್ಲ. ಆದರೆ ಡಿಸೆಂಬರಿನಿಂದ ಮೇ ತನಕ ನೋಡಿಕೊಳ್ಳಬೇಕು. ತಾರಸಿಯ ಶೀಟಿನ ಅಡಿ ಚೀಲಗಳಲ್ಲಿ ಬೆಂಡೆ, ಅಲಸಂಡೆ ಬೆಳೆಸುವವರು ವರ್ಷವಿಡೀ, ಏಕೆಂದರೆ ಅಲ್ಲಿಗೆ ಮಳೆ ತಾಗುವುದಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ತೆಂಗಿನಕಾಯಿಯ ಗಾತ್ರವನ್ನೇ ಕುಗ್ಗಿಸಿದ ಮಂಡರಿ ಇದರ ದೂರದ ನಂಟ; ಹುಳದಂತೆ ನೀಳವಾಗಿ, ನಾಲ್ಕೇ ಕಾಲಿನದು. ಅದಕ್ಕೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯ ಹೇಳಿದ ಬೇವಿನ ಎಣ್ಣೆ, ಬೆಳ್ಳುಳ್ಳಿ, ಸಾಬೂನಿನ ಮಿಶ್ರಣ ನಮ್ಮ ಹಿರಿಯ ಕೃಷಿಕರಿಗೆ ನೆನಪಿರಬಹುದು. ತೆಂಗಿನ ಗೊನೆಗೆ ಹೇಳಿದ ಆ ಪ್ರಮಾಣ ಎಳೆಯ ಬೆಂಡೆ ಎಲೆಗೆ ಖಾರವಾದೀತು.

ತಿಂಗಳ ನಂತರ ಮೊಗುಡಂಪಲ್ಲಿಯಿಂದ ಫೋನು ಬಂತು. ನಾಲ್ಕು ಬದನೆ ಗಿಡಗಳನ್ನು ಕಿತ್ತೆಸೆಯಬೇಕಾಯಿತಂತೆ. ಉಳಿದ ಹದಿನಾರರಲ್ಲಿ ಹೊಸ ಚಿಗುರು ಹಸಿರಾಗಿ ಬಂದಿದೆ, ಗುಲಾಬಿಯೊಂದು ಇನ್ನೂ ಸುಧಾರಿಸಿಲ್ಲ. ಪಕ್ಕದ ಮನೆಯವರೂ ಕಾಗದದ ಮೇಲೆ ಎಲೆ ತಟ್ಟಿ ನೋಡುತ್ತಿದ್ದಾರಂತೆ.