ಕುದುರೆ ಒದೆತದ ಸಂಭವನೀಯತೆ

ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ ಯಾರಾದ್ರೂ ಇಡ್ತಾರಾ? ಪ್ರಷ್ಯಾದ ಸೇನೆಯಲ್ಲಿ ಇಟ್ಟಿದ್ರು! 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ ಅದನ್ನ ಪುಸ್ತಕದಲ್ಲೇ ಹಾಕಿದ.

10 ಸೇನಾದಳ, 20 ವರ್ಷ. ದಳಕ್ಕೆ ವರ್ಷಕ್ಕೊಂದರಂತೆ ಒಟ್ಟು 200 ದಾಖಲೆ. 109ರಲ್ಲಿ ಸಾವೇ ಇಲ್ಲ. 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದೇ ಒಂದರಲ್ಲಿ ನಾಲ್ಕು. ಇದು ಆವೃತ್ತಿ ಪಟ್ಟಿ.

ಈಗ ಪ್ರತಿಯೊಂದನ್ನೂ 200ರಿಂದ ಭಾಗಿಸಿ: 0.545, 0.325, 0.11, 0.015, 0.005. ಅಷ್ಟೇ, ಸಂಭವನೀಯತಾ ವಿತರಣೆ ರೆಡಿ! ಸಾವಿನ ಸಂಖ್ಯೆಯ ಬೆಲೆಗಳು ಬಿಡಿಬಿಡಿ, ಒಂದೂವರೆ ಸಾವು ಅನ್ನೋದು ಇರಲ್ಲವಲ್ಲ. ಎಲ್ಲ ಸಂಭವನೀಯತೆ ಕೂಡಿದ್ರೆ ಸರಿಯಾಗಿ 1 ಬರಲೇಬೇಕು. ಬರದಿದ್ರೆ ಎಣಿಕೆಯಲ್ಲೇ ಎಲ್ಲೋ ಎಡವಟ್ಟಾಗಿದೆ.

ಸಾವಿನ ಸಂಖ್ಯೆಯನ್ನ ಅದರದರ ಸಂಭವನೀಯತೆಯಿಂದ ಗುಣಿಸಿ ಕೂಡಿದ್ರೆ ದಳವೊಂದಕ್ಕೆ ವರ್ಷದ ಸರಾಸರಿ ಸಾವು 0.61. ನಂಬಬೇಡಿ, ಪೆನ್ನು ತಗೊಂಡು ನೀವೇ ಮಾಡಿ ನೋಡಿ.