ಎಂಟು ಸಾವಿರ ಹಕ್ಕಿ: ಎಣಿಸಿದವರು ಯಾರು?

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಬರುತ್ತವೆ ಎಂಬ ಸುದ್ದಿ ಓದಿ ಲಕ್ಷ್ಮೇಶ್ವರದ ಓದುಗರೊಬ್ಬರು ಕೇಳಿದ್ದಾರೆ: 'ಒಂದು ಕಡೆ ಕುಂಡ್ರದ ಹಕ್ಕಿನ ಹೆಂಗ ಎಣಿಸಿದ್ರಿ? ಎಣಿಸಿದವರರ ಯಾರು?' ಅನುಮಾನ ನ್ಯಾಯವಾದದ್ದೇ.

ಎಣಿಸುವವರು ಬಹುಪಾಲು ಸ್ವಯಂಸೇವಕರು. ನೆದರ್ಲೆಂಡ್ಸ್‌ನಲ್ಲಿ ಕೇಂದ್ರ ಕಚೇರಿಯಿರುವ ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಏಷ್ಯಾದ ನೀರುಹಕ್ಕಿ ಗಣತಿಯನ್ನು ನಡೆಸುತ್ತದೆ. ಭಾರತ ಉಪಖಂಡದಲ್ಲಿ ಇದು ಆರಂಭವಾದದ್ದು 1987ರಲ್ಲಿ. ಇಲ್ಲಿ ಸಂಸ್ಥೆಯ ದಕ್ಷಿಣ ಏಷ್ಯಾ ಶಾಖೆ ದೆಹಲಿಯಲ್ಲಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಜೊತೆಗೂಡಿದೆ. ವರ್ಷದ ಕೆಲಸ ಜನವರಿಯ ನಡುವಿನ ಎರಡು ವಾರಗಳದ್ದು. ಆ ಹೊತ್ತಿಗೆ ವಲಸೆ ಹಕ್ಕಿಗಳು ಬಂದು ನೆಲೆ ನಿಂತಿರುತ್ತವೆ, ಮರಳುವ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಎಣಿಸಬೇಕು. ಇಲ್ಲದಿದ್ದರೆ ಈ ವಾರ ಮಾಗಡಿಯಲ್ಲಿ ಕಂಡ ಹೆಬ್ಬಾತು ಮುಂದಿನ ತಿಂಗಳು ಹತ್ತಿರದ ಶೆಟ್ಟಿಕೇರಿ ಕೆರೆಯಲ್ಲಿ ಮತ್ತೊಮ್ಮೆ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಹೇಗೆ ಎಣಿಸುತ್ತಾರೆ? ಮುಂಡರಗಿ ಕಡೆಯ ರೈತ ಕಣದಲ್ಲಿನ ಕಡಲೆ ರಾಶಿ ನೋಡಿ ಇಷ್ಟು ಚೀಲ ಆದೀತು ಎಂದು ಹೇಳುತ್ತಾನಲ್ಲ, ಹಾಗೆ. ಅವನು ಕಾಳು ಎಣಿಸುವುದಿಲ್ಲ. ಒಂದು ಚೀಲ ಎಷ್ಟಿರುತ್ತದೆ ಎಂಬುದು ಅವನ ಕಣ್ಣಲ್ಲಿ ಕೂತಿದೆ. ಆ ಅಳತೆಯನ್ನು ರಾಶಿಯ ಮೇಲೆ ಸರಿಸುತ್ತಾ ಹೋಗುತ್ತಾನೆ. ಗಣತಿಯವರೂ ಹಿಂಡಿನ ಒಂದು ಅಂಚಿನಲ್ಲಿ 10 ಅಥವಾ 50 ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಗುರುತಿಟ್ಟುಕೊಂಡು, ಅದೇ ಅಳತೆಯನ್ನು ಹಿಂಡಿನ ಇನ್ನೊಂದು ತುದಿಯವರೆಗೆ ಒಯ್ಯುತ್ತಾರೆ. ರಾಶಿಗೆ ರೆಕ್ಕೆ ಇಲ್ಲ, ಅದೊಂದು ಸುಖ! ಹೆಬ್ಬಾತುಗಳು ಮೇಯಲು ಸುತ್ತಲಿನ ಹೊಲಗಳಿಗೆ ಹೋಗಿ ಬರುತ್ತವೆ. ಅವು ನೀರಿನಲ್ಲಿರುವ ಹೊತ್ತು ಹಿಡಿಯಬೇಕು. ಹಿಂಡು ದೊಡ್ಡದಾದಷ್ಟೂ ಮನುಷ್ಯನ ಕಣ್ಣು ಸಾಮಾನ್ಯವಾಗಿ ಕಡಿಮೆಯನ್ನೇ ಹೇಳುತ್ತದೆ. ಆದ್ದರಿಂದ ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುವುದು ಒಳ್ಳೆಯದು.

ಇಷ್ಟು ಒರಟು ಲೆಕ್ಕದಿಂದ ಏನು ಉಪಯೋಗ? ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಆದ ಒಪ್ಪಂದದ ಒಂದು ಮಾನದಂಡ ಹೀಗಿದೆ: ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇ 1ರಷ್ಟು ಒಂದೇ ಜಾಗವನ್ನು ಕಾಯಂ ಆಗಿ ಆಶ್ರಯಿಸಿದ್ದರೆ ಆ ಜಾಗಕ್ಕೆ ಅಂತರರಾಷ್ಟ್ರೀಯ ಮಹತ್ವವಿದೆ. ಒಟ್ಟು ಗೊತ್ತಿಲ್ಲದೆ ಶೇ 1 ಎಲ್ಲಿಂದ ಬರಬೇಕು? ಆ ಒಟ್ಟು ಹುಟ್ಟುವುದು ಇಂಥ ಜನವರಿಗಳಿಂದಲೇ. ಮಳೆನೀರು ನಿಲ್ಲಿಸಲು ಕಟ್ಟಿದ, ಸುಮಾರು 50 ಹೆಕ್ಟೇರಿನ ಮಾಗಡಿ ಕೆರೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ದಾಖಲಾಗಿರುವ ಹಕ್ಕಿ ಪ್ರಭೇದಗಳು 166ಕ್ಕೂ ಹೆಚ್ಚು.

ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತು ಎಂದೊಡನೆ ಎಲ್ಲರೂ ಎವರೆಸ್ಟ್ ಎನ್ನುತ್ತಾರೆ. ಶಿಖರದ ಮೇಲೆ ಹಾರಿದ್ದನ್ನು ಕಂಡೆವೆಂಬ ಪರ್ವತಾರೋಹಿಗಳ ಕಥೆ ಹಳೆಯದು. ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ ಕಂಡ ಗರಿಷ್ಠ ಎತ್ತರ 7,290 ಮೀಟರ್. ಹೆಚ್ಚಿನ ಹಾರಾಟ ಅದಕ್ಕಿಂತ ಬಹಳ ಕೆಳಗೆ, ಕಣಿವೆಗಳನ್ನು ಹಿಡಿದು. 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದು ಇನ್ನೂ ಸೊಗಸಾಗಿದೆ: ಗುಡ್ಡ ಏರಿದಂತೆ ಏರಿ, ಇಳಿದಂತೆ ಇಳಿಯುತ್ತವೆ, ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟಾದರೂ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಅಷ್ಟು ದುಬಾರಿ. ಅವುಗಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಯಲು ಸೀಮೆಯ ಬಾತುಗಳದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆಂಬುದು ನಿಜ. ಆದರೂ ನನಗೆ ಎವರೆಸ್ಟ್‌ಗಿಂತ ಶಿರಹಟ್ಟಿ ಸೀಮೆಯ ಕೆರೆದಂಡೆಯ ಲೆಕ್ಕದ ಪುಸ್ತಕವೇ ಹೆಚ್ಚು ಕುತೂಹಲದ್ದು.

ಯಾಕೆಂದರೆ ಮಳೆ ಕೈಕೊಟ್ಟ ವರ್ಷ ಆ ಪುಸ್ತಕ ಬೇರೆಯದೇ ಮಾತು ಹೇಳುತ್ತದೆ. ಕೆರೆ ಒಣಗಿ ಹಕ್ಕಿ ಬಾರದಿದ್ದರೆ 'ಹಕ್ಕಿಗಳು ಮಾಯ' ಎಂಬ ತಲೆಬರಹ ಸಿದ್ಧವಾಗಿರುತ್ತದೆ. ಅವು ಸತ್ತಿರಬೇಕೆಂದೇನಿಲ್ಲ, ನೀರಿರುವ ಕೆರೆಗೆ ಹೋಗಿರಬಹುದು. ಮಾಗಡಿಯ ಒಂದೇ ಅಂಕಿಯಿಂದ ಇದು ತಿಳಿಯದು. ಸುತ್ತಲಿನ ಹತ್ತಾರು ಕೆರೆಗಳ ಅಂಕಿ ಪಕ್ಕದಲ್ಲಿರಬೇಕು. ಹಾಗಾಗಿ ಒಣಗಿದ ಕೆರೆಗೂ ಹೋಗಿ, ನಮೂನೆಯಲ್ಲಿ ಸೊನ್ನೆ ಬರೆದು ಕಳಿಸಬೇಕು. ಹಕ್ಕಿ ಇಲ್ಲದ ಕೆರೆಗೆ ಯಾರು ಹೋಗುತ್ತಾರೆಂದು ಬಿಟ್ಟರೆ, ಅಲ್ಲಿ ಹಕ್ಕಿ ಇರಲಿಲ್ಲವೋ, ಎಣಿಸುವವರು ಇರಲಿಲ್ಲವೋ ಎಂಬುದೇ ಮುಂದಿನವರಿಗೆ ಗೊತ್ತಾಗುವುದಿಲ್ಲ.